ಭೂಸಂಪರ್ಕವೂ ನಮ್ಮ ನೆಲವೂ



ಬೀದಿಯ ಕಂಬದ ಮೇಲಿನ ವಿದ್ಯುತ್ ಪರಿವರ್ತಕವು 11,000 ವೋಲ್ಟುಗಳನ್ನು 433ಕ್ಕೆ ಇಳಿಸುವುದಷ್ಟೆ. ಅದರ ತಟಸ್ಥ ತಂತಿಯನ್ನೂ ಲೋಹದ ಮೈಯನ್ನೂ ಭೂಮಿಗೆ ಕೂಡಿಸಿರುತ್ತಾರೆ. ನಾವೂ ಮನೆಯ ಬಳಿ ಒಂದು ಸರಳನ್ನು ಹೂಳಿ ನಿಶ್ಚಿಂತರಾಗುತ್ತೇವೆ. ಈ ನಿಶ್ಚಿಂತೆಗೆ ಆಧಾರವುಂಟೆ?

ನೆಲವೆಲ್ಲ ಒಂದೇ ಬಗೆಯದಲ್ಲ. ಬೈಲಹೊಂಗಲದ ಎರೆನೆಲವು ಮಳೆಗಾಲದಲ್ಲಿ ಉತ್ತಮ ವಾಹಕ. ಬೇಸಗೆಯಲ್ಲಾದರೋ ಬಿರಿದು ಬಾಯಿಬಿಟ್ಟು ಸರಳಿನ ಹಿಡಿತವನ್ನೇ ಸಡಿಲಿಸುವುದು. ಪಶ್ಚಿಮದ ಕಿತ್ತೂರಿಗೆ ಮಳೆ ಹೆಚ್ಚು, ತೇವವೂ ಹೆಚ್ಚು. ಸವದತ್ತಿ, ರಾಮದುರ್ಗಗಳ ಗುಡ್ಡದ ಬಂಡೆಗಳಿಗೆ ಆ ಭಾಗ್ಯವಿಲ್ಲ.

ಪರಿವರ್ತಕದ ಭೂಸಂಪರ್ಕದ ರೋಧ 10 ಓಮ್, ನಮ್ಮ ಪಂಪಿನದೂ 10 ಓಮ್ ಎಂದಿಟ್ಟುಕೊಳ್ಳೋಣ. 230 ವೋಲ್ಟಿನ ತಂತಿಯು ಪಂಪಿನ ಮೈಗೆ ತಾಗಿದರೆ ಮಣ್ಣಿನ ಮೂಲಕ ಹರಿಯುವುದು ಹನ್ನೊಂದೂವರೆ ಆಂಪಿಯರ್ ಮಾತ್ರ. 16 ಆಂಪಿಯರಿನ ಫ್ಯೂಸು ಕರಗದು. ಪಂಪಿನ ಮೈ 115 ವೋಲ್ಟಿನಲ್ಲಿ ನಿಂತೇ ಇರುವುದು. ಮುಟ್ಟಿದವನ ಪಾಡನ್ನು ವಿವರಿಸಬೇಕಾಗಿಲ್ಲ.

ಆದುದರಿಂದ ಮೂರು ಕಾರ್ಯಗಳು ಅವಶ್ಯ. ಮೊದಲನೆಯದು, 30 ಮಿಲಿಆಂಪಿಯರ್ ಸೋರಿಕೆಗೇ ಪ್ರವಾಹವನ್ನು ಕಡಿಯುವ ರಕ್ಷಕ ಸ್ವಿಚ್ಚು. ಎರಡನೆಯದು ಬಂಧನ: ಪಂಪಿನ ಮೈ, ನೀರಿನ ಕೊಳವೆ, ಕಬ್ಬಿಣದ ಚೌಕಟ್ಟುಗಳನ್ನು ದಪ್ಪ ತಂತಿಯಿಂದ ಒಂದಾಗಿಸಿದರೆ, ಒಂದು ಕೈಯಿಂದ ಪಂಪನ್ನೂ ಇನ್ನೊಂದರಿಂದ ಕೊಳವೆಯನ್ನೂ ಹಿಡಿದವನಿಗೆ ಅವುಗಳ ನಡುವೆ ಅಪಾಯಕರವಾದ ವೋಲ್ಟಿನ ಅಂತರ ತಗಲದು. ಮೂರನೆಯದು ಅಳತೆ. ಭೂಸಂಪರ್ಕದ ರೋಧವನ್ನು ಬಲ್ಲವರಿಂದ ಬೇಸಗೆಯಲ್ಲಿಯೇ ಅಳೆಯಿಸತಕ್ಕದ್ದು. ಹಸಿನೆಲದಲ್ಲಿ ಪಡೆದ ಒಳ್ಳೆಯ ಅಂಕಿಯು ಒಣನೆಲದಲ್ಲಿ ನಮ್ಮನ್ನು ಕಾಯಲಾರದು.