ಕಣ್ಣು ಪರೀಕ್ಷೆಯ ಕೋರ್ಸಿಗೆ ಅರ್ಜಿ ಹಾಕುವವರಿಗೆ

(ಕೊಡಿಯಾಲ್‌ಬೈಲಿನಲ್ಲಿ ನಡೆದ ಪಿಯುಸಿ ವಿದ್ಯಾರ್ಥಿಗಳ ಮತ್ತು ಪೋಷಕರ ಸಭೆಯಲ್ಲಿ ಆಡಿದ ಮಾತು)



ಭಾಷಣ ಮಾಡಿ ಅಂತ ಕರೆದಿದ್ದಾರೆ. ಭಾಷಣ ನಾವು ಬೇಕಾದಷ್ಟು ಕೇಳಿದ್ದೇವೆ, ಮಾಡಿಯೂ ಇದ್ದೇವೆ. ಇವತ್ತು ಒಂದು ಅರ್ಜಿ ಹಾಕುವುದು ಹೇಗೆ ಅಂತ ಮಾತ್ರ ಹೇಳ್ತೇನೆ. ಆಪ್ಟೋಮೆಟ್ರಿ ಅನ್ನುವ ಒಂದು ಕೋರ್ಸಿನ ಅರ್ಜಿ. ಇದಕ್ಕೊಂದು ಸಭೆ ಬೇಕಾ ಅಂತ ಕೆಲವರಿಗೆ ಅನಿಸಬಹುದು. ಬೇಕು. ನಾನು ಕಂಡ ಹಾಗೆ ನಮ್ಮ ಮಕ್ಕಳಲ್ಲಿ ಎಷ್ಟೋ ಜನ ಪರೀಕ್ಷೆ ಪಾಸಾಗಿ ಬಂದು ಕೌಂಟರಿನ ಎದುರು ಫೇಲಾಗ್ತಾರೆ.

ಮೊದಲು ಕೆಲಸ ಏನು ಅಂತ ತಿಳಿದುಕೊಳ್ಳಿ. ಕಣ್ಣಿನ ಆಪರೇಷನ್ ಮಾಡುವವರು ಕಣ್ಣಿನ ಡಾಕ್ಟರು, ಎಂಬಿಬಿಎಸ್ ಓದಿ ಅದರ ಮೇಲೆ ಓದಿದವರು. ಕನ್ನಡಕಕ್ಕೆ ಫ್ರೇಮು ಹಾಕಿ ಕೊಡುವವರು ಅಂಗಡಿಯವರು. ಇವರಿಬ್ಬರ ನಡುವೆ ಇರುವವರು ಆಪ್ಟೋಮೆಟ್ರಿಸ್ಟ್. ದೃಷ್ಟಿ ಎಷ್ಟು ಉಂಟು, ಯಾವ ಪವರಿನ ಗಾಜು ಬೇಕು, ಕಣ್ಣಿನೊಳಗೆ ರೋಗದ ಗುರುತು ಉಂಟಾ, ಮೆಳ್ಳೆಗಣ್ಣು ಉಂಟಾ, ದೃಷ್ಟಿ ಬಹಳ ಕಡಿಮೆ ಆದವರಿಗೆ ಯಾವ ಸಾಧನ ಕೊಡಬಹುದು - ಇದೆಲ್ಲ ಇವರ ಕೆಲಸ. ನಮ್ಮ ದೇಶದಲ್ಲಿ 1976ರಲ್ಲಿ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಬಂತು, ಅದರ ಜೊತೆ ಸರ್ಕಾರಿ ಆಸ್ಪತ್ರೆಗಳಿಗೆ ನೇತ್ರ ಸಹಾಯಕರು ಬಂದರು. ಮದ್ರಾಸಿನಲ್ಲಿ ಶಂಕರ ನೇತ್ರಾಲಯದವರ ಎಲೀಟ್ ಸ್ಕೂಲ್ 1985ರಲ್ಲಿ ಶುರುವಾಯಿತು. ಈಗ ಮಂಗಳೂರು, ಮಣಿಪಾಲದ ಸುತ್ತಲೇ ಈ ಡಿಗ್ರಿ ಕೊಡುವ ಕಾಲೇಜುಗಳು ಉಂಟು. 2021ರಲ್ಲಿ ಕೇಂದ್ರದವರು ಆರೋಗ್ಯ ಕ್ಷೇತ್ರದ ಇಂಥ ವೃತ್ತಿಗಳಿಗೆಲ್ಲ ಒಂದು ಕಾನೂನು ಮಾಡಿ ಆಪ್ಟೋಮೆಟ್ರಿಯನ್ನೂ ಅದರಲ್ಲಿ ಸೇರಿಸಿದರು.

ಹಿಂದಿನ ಕಾಲದಲ್ಲಿ ಕಣ್ಣಿನ ಚಿಕಿತ್ಸೆ ಅಂದರೆ ಡಾ. ಎಂ.ಸಿ. ಮೋದಿಯವರ ಶಿಬಿರ. ಮುದುಕ ಮುದುಕಿಯರನ್ನು ಸಾಲಾಗಿ ಮಲಗಿಸಿ ಪೊರೆ ತೆಗೆಯುತ್ತಿದ್ದರು. ದೊಡ್ಡ ಕೆಲಸ, ಇಲ್ಲ ಅನ್ನುವುದಿಲ್ಲ. ಆದರೆ ಅಂಥ ಶಿಬಿರಗಳಲ್ಲಿ ಮಲಗಿದವರ ಪೈಕಿ ನಮ್ಮವರು ಇದ್ದರು. ಟಾರ್ಚು ಹಿಡಿದು ನಿಂತವರ ಪೈಕಿ ಎಷ್ಟು ಜನ ಇದ್ದರು?

ಇದು ಬರೀ ಲೆಕ್ಕದ ಪ್ರಶ್ನೆ ಅಲ್ಲ. ಕಣ್ಣು ಪರೀಕ್ಷೆ ಹೇಗೆ ಮಾಡ್ತಾರೆ ನೋಡಿ. ಮೂಗಿನ ಮೇಲೆ ಒಂದು ಖಾಲಿ ಫ್ರೇಮು ಇಟ್ಟು ಗಾಜು ಬದಲಾಯಿಸ್ತಾ "ಇದರಲ್ಲಿ ಚಂದ ಕಾಣ್ತದಾ, ಅದರಲ್ಲಿ ಚಂದ ಕಾಣ್ತದಾ" ಅಂತ ಕೇಳ್ತಾರೆ. ಯಂತ್ರ ಎಷ್ಟೇ ಬರಲಿ, ಕಡೆಗೆ ಗಾಜನ್ನು ತೀರ್ಮಾನ ಮಾಡುವುದು ಕೂತವರ ಬಾಯಿಂದ ಬರುವ ಉತ್ತರ. ಬಿಳಿ ಕೋಟಿನ ಎದುರು ಕೂತ ನಮ್ಮ ಅಜ್ಜಿ ಏನು ಹೇಳ್ತಾಳೆ? ಎರಡೂ ಒಂದೇ ಥರ ಕಂಡರೂ, ಏನೂ ಕಾಣದಿದ್ದರೂ, "ಹೌದು ಧಣಿ, ಕಾಣ್ತದೆ" ಅಂತಾಳೆ. ತಲೆಮಾರಿನಿಂದ ಕಲಿಸಿದ್ದು ಅದನ್ನೇ ಅಲ್ಲವಾ, ಎದುರಿದ್ದವರಿಗೆ ಬೇಕಾದ ಉತ್ತರ ಕೊಡುವುದು! ಆ ಸುಳ್ಳು ಉತ್ತರಕ್ಕೆ ತಕ್ಕ ಸುಳ್ಳು ಕನ್ನಡಕ ಬರ್ತದೆ, ಅದು ಗೋಡೆಯ ಮೊಳೆಗೆ ನೇತು ಬೀಳ್ತದೆ. ಅದೇ ಅಜ್ಜಿಯ ಹತ್ತಿರ ತುಳುವಿನಲ್ಲಿ, ಅವಳ ಮನೆಯ ಮಾತಿನಲ್ಲಿ, ಅವಳ ಮೊಮ್ಮಗಳ ಹಾಗಿರುವ ಹುಡುಗಿ ಕೇಳಿದರೆ "ಇಲ್ಲ ಮಗಾ, ಸರಿ ಕಾಣುದಿಲ್ಲ" ಅಂತ ಹೇಳುವ ಧೈರ್ಯ ಬರ್ತದೆ. ಈ ಕೆಲಸಕ್ಕೆ ನಮ್ಮ ಮಕ್ಕಳು ಹೋಗಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಬೀಡಿ ಕಟ್ಟುವ ತಾಯಂದಿರು ಇಲ್ಲಿ ಎಷ್ಟು ಜನ ಇದ್ದೀರಿ? ನಲವತ್ತು ದಾಟಿದ ಮೇಲೆ ಎಲೆಯ ಅಂಚು, ನೂಲು ಮಸುಕಾಗ್ತದೆ. ಪಕ್ಕದ ಮನೆಯವರ ಕನ್ನಡಕ ತಂದು ಹಾಕಿಕೊಳ್ತೀರಿ. ಬ್ರಾಂಚಿನಲ್ಲಿ ಬೀಡಿ ಸರಿ ಇಲ್ಲ ಅಂತ ತೆಗೆದು ಹಾಕಿದರೆ ನಿಮ್ಮ ಕೈಗೆ ವಯಸ್ಸಾಯಿತು ಅಂತ ತಿಳಿದುಕೊಳ್ತೀರಿ. ಕೈ ಸರಿಯಾಗಿಯೇ ಉಂಟು. ಅಸ್ಸಾಮಿನಲ್ಲಿ ನಲವತ್ತು ದಾಟಿದ, ಚಹಾ ಎಲೆ ಕೀಳುವ ಕೂಲಿಗಾರರಿಗೆ ಹತ್ತಿರದ ನೋಟಕ್ಕೆ ಕನ್ನಡಕ ಕೊಟ್ಟು ಒಂದು ಅಧ್ಯಯನ ಮಾಡಿದರು. 2018ರಲ್ಲಿ ಅದು ಲಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಕನ್ನಡಕ ಸಿಕ್ಕಿದವರ ದುಡಿಮೆ ಸಿಗದವರಿಗಿಂತ ಶೇ. 21.7ರಷ್ಟು ಹೆಚ್ಚಾಗಿತ್ತು. ಒಂದು ಜೊತೆ ಗಾಜಿನಿಂದ!

ಈಗ ಅರ್ಜಿಯ ವಿಷಯ.

ಮಕ್ಕಳೇ, ಮೊದಲ ಕೆಲಸ: ನಿಮ್ಮ ಕಣ್ಣು ಪರೀಕ್ಷೆ ಮಾಡಿಸಿ. ನಗಬೇಡಿ. ನಮ್ಮ ಅಪ್ಪಂದಿರನ್ನು ಶಾಲೆಯ ಜಗಲಿಯಲ್ಲಿ, ಕಡೇ ಸಾಲಿನಲ್ಲಿ ಕೂರಿಸಿದರು. ಈಗ ಯಾರೂ ಹಾಗೆ ಹೇಳಿ ಕೂರಿಸುವುದಿಲ್ಲ, ಆದರೂ ಹಿಂದಿನ ಬೆಂಚು ನಮಗೆ ಅಭ್ಯಾಸ ಆಗಿ ಹೋಗಿದೆ. ದೂರದ್ದು ಕಾಣದ ಹುಡುಗ ಬೋರ್ಡಿನ ಲೆಕ್ಕವನ್ನು ತಪ್ಪು ಬರೆದುಕೊಳ್ತಾನೆ, ಮೇಷ್ಟ್ರು "ಇವನಿಗೆ ಗಣಿತ ಹತ್ತುವುದಿಲ್ಲ, ಆರ್ಟ್ಸ್ ತೆಗೆದುಕೊಳ್ಳಲಿ" ಅಂತಾರೆ. ಮುಗಿಯಿತು. ಆರ್ಟ್ಸ್ ಕೀಳು ಅಂತ ನಾನು ಹೇಳುವುದಿಲ್ಲ. ಆದರೆ ಅದು ನಿಮ್ಮ ಆಯ್ಕೆ ಆಗಿರಬೇಕು. ವೆನ್ಲಾಕ್ ಆಸ್ಪತ್ರೆಯಲ್ಲಿ ಕಣ್ಣಿನ ವಿಭಾಗ ಉಂಟು, ಹೋಗಿ. ಪರೀಕ್ಷೆ ಆಗುವಾಗ ಸುಮ್ಮನೆ ಕೂರಬೇಡಿ, ಏನು ಮಾಡ್ತಾರೆ ನೋಡಿ. 6/6 ಅಂದರೇನು, 6/60 ಅಂದರೇನು ಕೇಳಿ. ಸರಿ ಕಣ್ಣಿನವರು 60 ಮೀಟರ್ ದೂರದಿಂದ ಓದುವ ಅಕ್ಷರವನ್ನು ನೀವು 6 ಮೀಟರಿಗೆ ಬಂದು ಓದಿದರೆ ಅದು 6/60. ಅಕ್ಷರ ಬಾರದವರಿಗೆ ಇಂಗ್ಲಿಷಿನ ಇ ಅಕ್ಷರವನ್ನು ನಾಲ್ಕು ದಿಕ್ಕಿಗೆ ತಿರುಗಿಸಿದ ಚಾರ್ಟು ಉಂಟು, ಕೈಯಲ್ಲಿ ದಿಕ್ಕು ತೋರಿಸಿದರೆ ಸಾಕು.

ಎರಡನೆಯದು ಪಿಯುಸಿ. ಅರ್ಜಿ ಶುರುವಾಗುವುದು ಎಸ್ಸೆಸ್ಸೆಲ್ಸಿ ಮುಗಿಸಿ ವಿಷಯ ಆರಿಸುವ ದಿನ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಇರಲೇಬೇಕು ಅಂತ ಇಟ್ಟುಕೊಳ್ಳಿ. ಗಣಿತವೂ ಜೊತೆಗಿದ್ದರೆ ಒಳ್ಳೆಯದು, ಯಾಕೆಂದರೆ ಈ ಕೋರ್ಸಿನ ಬೆನ್ನುಮೂಳೆ ಬೆಳಕಿನ ಪಾಠ. ಎರಡನೇ ಪಿಯುಸಿಯ ಭೌತಶಾಸ್ತ್ರದಲ್ಲಿ ಮಸೂರದ ಅಧ್ಯಾಯ ಉಂಟಲ್ಲ, ಅದನ್ನು ಬಾಯಿಪಾಠ ಮಾಡಬೇಡಿ. ಸಂಗಮದೂರ 1 ಮೀಟರ್ ಆದರೆ ಪವರು 1 ಡಯಾಪ್ಟರ್, ಅರ್ಧ ಮೀಟರ್ ಆದರೆ 2. ಒಂದು ಬೂದುಗಾಜು ತೆಗೆದುಕೊಂಡು ಬಿಸಿಲಿನಲ್ಲಿ ಅಂಗಳದ ಮಣ್ಣಿನ ಮೇಲೆ ಚುಕ್ಕಿ ಬೀಳಿಸಿ, ಅಳೆದು ನೋಡಿ. ಸಂದರ್ಶನದಲ್ಲಿ ಕೇಳಿದರೆ ಇದನ್ನೇ ಹೇಳಿ.

ಮೂರನೆಯದು ಕಾಗದ. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ನಾವು ಬೀಳುವ ಗುಂಡಿ ಇದೇ.

ಪರಿಶಿಷ್ಟ ಜಾತಿ, ಪಂಗಡದವರ ಜಾತಿ ಪ್ರಮಾಣಪತ್ರ ನಮೂನೆ ಡಿಯಲ್ಲಿ ಇರಬೇಕು. ಅದರ ಮೇಲೆ ಆರ್‌ಡಿ ಅಂತ ಶುರುವಾಗುವ ನಂಬರು ಇರ್ತದೆ, ಕಂಪ್ಯೂಟರಿನ ಅರ್ಜಿ ಕೇಳುವುದು ಆ ನಂಬರನ್ನು. ಅಪ್ಪನ ಕಾಲದ ಹಳೇ ಕೈಬರಹದ ಸರ್ಟಿಫಿಕೇಟು ನಡೆಯುವುದಿಲ್ಲ. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಾಗ ಸಕಾಲದ ರಸೀದಿ ಕೇಳಿ ಪಡೆಯಿರಿ. 2011ರ ಕಾನೂನು ಅದು, ದಿನದ ಲೆಕ್ಕ ಉಂಟು. "ನಾಳೆ ಬಾ" ಅಂದರೆ ರಸೀದಿ ತೋರಿಸಿ.

ಹೆಸರು. ನಮ್ಮ ಜಿಲ್ಲೆಯಲ್ಲಿ ಅಪ್ಪ ರೇಷನ್ ಕಾರ್ಡಿನಲ್ಲಿ ಐತ, ಆಧಾರಿನಲ್ಲಿ ಐತಪ್ಪ, ಮಗಳ ಅಂಕಪಟ್ಟಿಯಲ್ಲಿ ಬರೀ ಒಂದು ಇನಿಶಿಯಲ್. ಮೂರೂ ಒಬ್ಬನೇ ಮನುಷ್ಯ ಅಂತ ಊರಿಗೆಲ್ಲ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಧಣಿಗಳು ಕೂಗಿದ್ದೇ ಹೆಸರು ಅಂತ ಬರೆಸಿಕೊಂಡು ಬಂದದ್ದರ ಫಲ ಇದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೇಗೆ ಉಂಟೋ ಹಾಗೆ, ಇಂಗ್ಲಿಷ್ ಸ್ಪೆಲ್ಲಿಂಗ್ ಸಹಿತ, ಉಳಿದ ಕಾಗದಗಳನ್ನು ಈಗಲೇ ಸರಿ ಮಾಡಿಸಿ. ಮೊದಲನೇ ಪಿಯುಸಿಯಲ್ಲಿ ಮಾಡಿದರೆ ಸಮಾಧಾನದಲ್ಲಿ ಆಗ್ತದೆ. ಸೀಟು ಹಂಚುವ ವಾರದಲ್ಲಿ ಮಾಡಲಿಕ್ಕೆ ಹೋದರೆ ಒಂದು ವರ್ಷ ಹೋಯಿತು.

ಜಾತಿಯ ಹೆಸರೂ ಹಾಗೆಯೇ. ಮುಂಡಾಲ, ಮೊಗೇರ, ಬಾಕುಡ, ಅಜಿಲ, ಪಂಬದ, ನಲ್ಕೆದಾಯ - ಇವೆಲ್ಲ ಪಟ್ಟಿಯಲ್ಲಿ ಬೇರೆ ಬೇರೆ ಹೆಸರುಗಳು. ಆದರೆ ಎಷ್ಟೋ ಮನೆಗಳಲ್ಲಿ ಸುಲಭಕ್ಕೆ ಆದಿ ದ್ರಾವಿಡ ಅಂತ ಬರೆಸಿದ್ದಾರೆ. ಅಣ್ಣನದ್ದು ಒಂದು, ತಂಗಿಯದ್ದು ಇನ್ನೊಂದು. ಪರಿಶಿಷ್ಟ ಜಾತಿಯ ಮೀಸಲಾತಿ 2022ರಲ್ಲಿ ಶೇ. 15ರಿಂದ 17ಕ್ಕೆ, ಪಂಗಡದ್ದು 3ರಿಂದ 7ಕ್ಕೆ ಏರಿತು. 2025ರ ಆಗಸ್ಟಿನಲ್ಲಿ ರಾಜ್ಯ ಸಚಿವ ಸಂಪುಟ ಆ 17ನ್ನು 6, 6, 5 ಅಂತ ಹಂಚುವ ತೀರ್ಮಾನ ಮಾಡಿತು. ಒಳಮೀಸಲಾತಿಯ ಬಗ್ಗೆ ನಮ್ಮೊಳಗೆ ಜಗಳ ಇರಲಿ, ಅದನ್ನು ಬೇರೆ ಸಭೆಯಲ್ಲಿ ಆಡೋಣ. ಅರ್ಜಿ ಹಾಕುವ ಮಗುವಿಗೆ ತನ್ನ ಜಾತಿಯ ನಿಜ ಹೆಸರು ಕಾಗದದಲ್ಲಿ ಇರುವುದು ಮುಖ್ಯ.

ಮಂಜೇಶ್ವರ, ಕುಂಬಳೆ ಕಡೆಯಿಂದ ಬಂದ ಮಕ್ಕಳಿಗೆ ಒಂದು ಮಾತು. ಕನ್ನಡ ಶಾಲೆಯಲ್ಲಿ ಓದಿದ್ದೀರಿ, ಬಸ್ಸಿನಲ್ಲಿ ಬಂದರೆ ಮಂಗಳೂರು ಹತ್ತಿರ. ಆದರೆ ಕೇರಳದ ಜಾತಿ ಸರ್ಟಿಫಿಕೇಟಿನಿಂದ ಕರ್ನಾಟಕದಲ್ಲಿ ಮೀಸಲು ಸೀಟು ಸಿಗುವುದಿಲ್ಲ. ಒಂದು ರಾಜ್ಯದ ಪರಿಶಿಷ್ಟರು ಇನ್ನೊಂದು ರಾಜ್ಯಕ್ಕೆ ಹೋದರೆ ಅಲ್ಲಿ ಆ ಹಕ್ಕು ಬರುವುದಿಲ್ಲ ಅಂತ ಸುಪ್ರೀಂ ಕೋರ್ಟು 1990ರಲ್ಲಿ ಮರ್ರಿ ಚಂದ್ರಶೇಖರ ರಾವ್ ಮೊಕದ್ದಮೆಯಲ್ಲಿ ಹೇಳಿತು. ಅದೂ ಒಂದು ಮೆಡಿಕಲ್ ಸೀಟಿನ ಜಗಳವೇ. ಗಡಿ ದಾಟಿದ ಕೂಡಲೆ ಅಸ್ಪೃಶ್ಯತೆ ಬಿಟ್ಟು ಹೋಗ್ತದಾ ಅಂತ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ. ಮೀಸಲು ಸೀಟಿಗೆ ಕೇರಳದಲ್ಲೇ ಅರ್ಜಿ ಹಾಕಿ. ಇಲ್ಲಿ ಗಡಿನಾಡು ಕನ್ನಡಿಗರ ನಿಯಮದಲ್ಲಿ ಪ್ರಯತ್ನಿಸಿ. ವಿದ್ಯಾರ್ಥಿವೇತನ ಮಾತ್ರ ನಿಮ್ಮ ರಾಜ್ಯದ್ದೇ.

ಹತ್ತು ವರ್ಷ ಹಳ್ಳಿಯ ಶಾಲೆಯಲ್ಲಿ ಓದಿದವರು, ಕನ್ನಡ ಮಾಧ್ಯಮದಲ್ಲಿ ಓದಿದವರು ಆ ಪ್ರಮಾಣಪತ್ರಗಳನ್ನೂ ಹೆಡ್‌ಮಾಸ್ತರರಿಂದ ತೆಗೆದಿಡಿ. ಕನ್ನಡ ಶಾಲೆ ಅಂತ ನಾಚುವವರು ಈ ಲಾಭವನ್ನು ಕಳೆದುಕೊಳ್ತಾರೆ.

ಎಲ್ಲಿಗೆ ಹಾಕುವುದು? ಸರ್ಕಾರಿ ಕೋಟಾದ ಸೀಟು ಬೆಂಗಳೂರಿನ ಪರೀಕ್ಷಾ ಪ್ರಾಧಿಕಾರದ ಮೂಲಕ. ಆ ವರ್ಷದ ಪ್ರಕಟಣೆಯನ್ನು ನೀವೇ ಓದಿ, ಕಳೆದ ವರ್ಷ ಓದಿದವರ ಮಾತು ಕೇಳಿ ಕೂರಬೇಡಿ. ದೇರಳಕಟ್ಟೆ, ಮಣಿಪಾಲದ ಡೀಮ್ಡ್ ವಿಶ್ವವಿದ್ಯಾಲಯಗಳು ತಾವೇ ಅರ್ಜಿ ಕರೀತವೆ. ಫೀಸು ಎಷ್ಟು, ನಮಗೆ ರಿಯಾಯಿತಿ ಉಂಟಾ ಅಂತ ಬರಹದಲ್ಲಿ ಕೇಳಿ. ಯಾವ ವಿಶ್ವವಿದ್ಯಾಲಯಕ್ಕೆ ಸೇರಿದೆ, ಕೋರ್ಸು ಎಷ್ಟು ವರ್ಷ, ಕಲಿಯುವ ಆಸ್ಪತ್ರೆಯಲ್ಲಿ ದಿನಕ್ಕೆ ಎಷ್ಟು ಜನ ಕಣ್ಣು ತೋರಿಸಲಿಕ್ಕೆ ಬರ್ತಾರೆ ಅಂತಲೂ ಕೇಳಿ. ರೋಗಿಗಳೇ ಇಲ್ಲದ ಕಡೆ ಏನು ಕಲಿತೀರಿ? ಬಸ್‌ಸ್ಟ್ಯಾಂಡಿನ ಹತ್ತಿರ ಬೋರ್ಡು ಹಾಕಿದ ಏಜೆಂಟನ ಕೈಗೆ ಅಸಲು ಅಂಕಪಟ್ಟಿ ಕೊಡಬೇಡಿ. ಫೋನಿನಲ್ಲಿ ಅಮೆರಿಕದ್ದು ನೋಡಿ ಹೆದರುವ ಮಕ್ಕಳನ್ನೂ ಕಂಡಿದ್ದೇನೆ. ಅಲ್ಲಿ ಮೊದಲು ಕಾಲೇಜು, ಆಮೇಲೆ ಒಎಟಿ ಅನ್ನುವ ಪರೀಕ್ಷೆ, ಆಮೇಲೆ ನಾಲ್ಕು ವರ್ಷ. ಅದು ಅವರ ಪದ್ಧತಿ, ನಮಗೆ ಬೇಕಾಗಿಲ್ಲ.

ಸಂದರ್ಶನ ಇದ್ದರೆ, ಅಥವಾ ಈ ಕೋರ್ಸು ಯಾಕೆ ಅಂತ ಬರೆಯಲಿಕ್ಕೆ ಹೇಳಿದರೆ, "ಮಾನವ ಕುಲದ ಸೇವೆ" ಅಂತ ಬರೆಯಬೇಡಿ. ಎಲ್ಲರೂ ಅದನ್ನೇ ಬರೀತಾರೆ. ಅಮ್ಮ ಸೂಜಿಗೆ ದಾರ ಪೋಣಿಸಲಿಕ್ಕೆ ನಿಮ್ಮನ್ನು ಕರೀತಾಳಲ್ಲ, ಅದನ್ನು ಬರೆಯಿರಿ. ಶಿಬಿರದಲ್ಲಿ ಒಂದು ದಿನ ಸಾಲು ನಿಲ್ಲಿಸುವ ಕೆಲಸ ಮಾಡಿ, ಕಂಡದ್ದು ಬರೆಯಿರಿ. ತುಳು, ಕನ್ನಡ, ಬ್ಯಾರಿ, ಕೊಂಕಣಿ ಎಷ್ಟು ಮಾತು ಬರ್ತದೆ ಅಂತ ಬರೆಯಿರಿ. ಈ ಊರಿನಲ್ಲಿ ಕಣ್ಣು ನೋಡುವವರಿಗೆ ಅದು ರೆಟಿನೋಸ್ಕೋಪಿನಷ್ಟೇ ಬೇಕಾದ ಸಾಮಾನು. ಅಪ್ಪನ ಕೆಲಸ ಕೇಳಿದರೆ ಇದ್ದದ್ದು ಹೇಳಿ. ಪೌರಕಾರ್ಮಿಕ ಅಂದರೆ ಪೌರಕಾರ್ಮಿಕ. "ಮುನಿಸಿಪಾಲಿಟಿಯಲ್ಲಿ ಇದ್ದಾರೆ" ಅಂತ ನುಂಗಿದರೆ ಎದುರಿನವನಿಗೆ ಗೊತ್ತಾಗ್ತದೆ, ಆಮೇಲೆ ನಿಮ್ಮ ಸ್ವರ ಏಳುವುದಿಲ್ಲ. "ಕೋಟಾದಲ್ಲಿ ಬಂದವಳಾ" ಅಂದರೆ, "ಹೌದು, ನಮೂನೆ ಡಿ ಕೊಟ್ಟಿದ್ದೇನೆ" ಅನ್ನಿ, ಅಷ್ಟೇ.

ದುಡ್ಡಿನ ವಿಷಯ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಕೇಂದ್ರ ಯೋಜನೆಗೆ ಮನೆಯ ವರಮಾನ ವರ್ಷಕ್ಕೆ 2.5 ಲಕ್ಷದ ಒಳಗಿರಬೇಕು. ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಹಾಕಬೇಕು, ಮಗುವಿನ ಹೆಸರಿನಲ್ಲೇ ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ ಬೇಕು. ಹಣ ತಡವಾಗಿ ಬರ್ತದೆ, ಕಾಲೇಜು ಮೊದಲೇ ಕೇಳ್ತದೆ. ಆ ನಡುವಿನ ತಿಂಗಳಿಗೆ ಸಾಲ ಮಾಡುವ ಬದಲು ಸಮಾಜ ಕಲ್ಯಾಣ ಇಲಾಖೆಯ ಕಚೇರಿಗೆ ನಾಲ್ಕು ಜನ ಒಟ್ಟಿಗೆ ಹೋಗಿ, ಅರ್ಜಿಯ ನಂಬರು ಹಿಡಿದುಕೊಂಡು. ಹಾಸ್ಟೆಲಿನ ಅರ್ಜಿಯೂ ಆಗಲೇ.

ಕೆಲವು ಕಡೆ ಫೀಸು ಕಡಿಮೆ ಮಾಡಿ, ಇಷ್ಟು ವರ್ಷ ನಮ್ಮಲ್ಲೇ ದುಡಿಯಬೇಕು ಅಂತ ಬಾಂಡು ಬರೆಸಿಕೊಳ್ತಾರೆ. ಬಾಬಾಸಾಹೇಬರು 1913ರಲ್ಲಿ ಕೊಲಂಬಿಯಾಕ್ಕೆ ಹೋಗುವಾಗ ಬರೋಡ ಸಂಸ್ಥಾನಕ್ಕೆ ಹತ್ತು ವರ್ಷ ಸೇವೆಯ ಕರಾರು ಬರೆದುಕೊಟ್ಟೇ ಹೋದರು. ತಿರುಗಿ ಬಂದು ಅಲ್ಲಿ ಕೆಲಸಕ್ಕೆ ಸೇರಿದಾಗ ಇಳಿದುಕೊಳ್ಳಲಿಕ್ಕೆ ಮನೆ ಕೊಟ್ಟವರಿಲ್ಲ. ಬಾಂಡು ಬೇಡ ಅಂತ ನಾನು ಹೇಳುವುದಿಲ್ಲ. ಎಷ್ಟು ವರ್ಷ, ಸಂಬಳ ಎಷ್ಟು, ಬಿಟ್ಟರೆ ದಂಡ ಎಷ್ಟು, ಉಳಿಯಲಿಕ್ಕೆ ಜಾಗ ಉಂಟಾ - ಓದಿ ಸಹಿ ಹಾಕಿ. ಇಂಗ್ಲಿಷ್ ತೊಡಕಾದರೆ ತನ್ನಿ. ಇದೇ ಕೊಡಿಯಾಲ್‌ಬೈಲಿನಲ್ಲಿ ಲಾ ಕಾಲೇಜು ಉಂಟು, ಅಲ್ಲಿ ನಮ್ಮ ಹುಡುಗರೂ ಓದುತ್ತಿದ್ದಾರೆ.

ನನ್ನ ಮಾತು ಇಷ್ಟು. ಜಾತಿ ಸರ್ಟಿಫಿಕೇಟು, ಅಂಕಪಟ್ಟಿ, ಆಧಾರ್ ತಂದವರು ಈ ಬೆಂಚಿನ ಹತ್ತಿರ ಬನ್ನಿ, ಮೂರನ್ನೂ ಪಕ್ಕ ಪಕ್ಕ ಇಟ್ಟು ಹೆಸರು ಹೊಂದುತ್ತದಾ ನೋಡೋಣ. ತಾಯಂದಿರೆ, ನೀವು ಕೂತಿರಿ, ಹೋಗಬೇಡಿ. ಅಪ್ಪನ ಹೆಸರು ನಿಜವಾಗಿ ಏನು ಅಂತ ನಿಮ್ಮನ್ನೇ ಕೇಳಬೇಕು.