ಬ್ಯಾಟರಿ ಕಾರು: ಕೊಳ್ಳುವ ಮುಂಚೆ ಲೆಕ್ಕ ಹಾಕಿ

(ತಾಲ್ಲೂಕು ಮಟ್ಟದ ರೈತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ಹಳ್ಳಿ ಹಳ್ಳಿಗೂ ಈಗ ಕರೆಂಟಿನ ಗಾಡಿ ಬಂದಿದೆ. ಮೊದಲು ಸ್ಕೂಟರ್ ಬಂತು, ಅದರ ಹಿಂದೆ ಸರಕು ಸಾಗಿಸುವ ಆಟೋ ಬಂತು, ಈಗ ಕಾರು. "ಪೆಟ್ರೋಲ್ ಬೇಡ, ಕಿಲೋಮೀಟರಿಗೆ ಒಂದೇ ರೂಪಾಯಿ" ಅಂತ ಷೋರೂಮಿನವರು ಹೇಳ್ತಾರೆ. ಓದಿದ ಮಕ್ಕಳು ಮನೆಯಲ್ಲಿ ಹಟ ಹಿಡಿಯುತ್ತಾರೆ. ಫೈನಾನ್ಸಿನವನು "ಪಹಣಿ ತನ್ನಿ ಸಾಕು" ಅಂತಾನೆ. ಆದ್ದರಿಂದ ಇವತ್ತು ರಾಗಿ, ಬತ್ತದ ಬೆಲೆಯ ಮಾತನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಬ್ಯಾಟರಿ ಕಾರಿನ ಬೆಲೆಯ ಮಾತಾಡೋಣ. ಎರಡೂ ಒಂದೇ ಲೆಕ್ಕಕ್ಕೆ ಬಂದು ನಿಲ್ಲುತ್ತವೆ, ನೋಡ್ತಾ ಇರಿ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ನಾನು ಈ ಗಾಡಿಯ ವಿರೋಧಿಯಲ್ಲ. ಹೊಗೆ ಇಲ್ಲ, ಸದ್ದಿಲ್ಲ, ಆಯಿಲ್ ಬದಲಾಯಿಸುವ ಗೋಜಿಲ್ಲ, ಕ್ಲಚ್ಚು ಗೇರು ಸವೆಯುವ ತಾಪತ್ರಯ ಇಲ್ಲ. ಮೋಟಾರು ಏನು ಅನ್ನೋದು ಪಂಪ್‌ಸೆಟ್ ಇಟ್ಟ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ತೊಂದರೆ ಇರೋದು ಮೋಟಾರಿನಲ್ಲಲ್ಲ, ಬ್ಯಾಟರಿಯಲ್ಲಿ. ಕೊಳ್ಳುವವನು ಕೊಡುವ ದುಡ್ಡಿನಲ್ಲಿ ಮೂರನೆಯ ಒಂದು ಭಾಗಕ್ಕೂ ಮೇಲೆ ಬರೀ ಬ್ಯಾಟರಿಗೇ ಹೋಗುತ್ತೆ ಅಂತ ಇಟ್ಟುಕೊಳ್ಳಿ.

ಇದು ಹೊಸ ಗಾಡಿಯೂ ಅಲ್ಲ. ನಮ್ಮ ಟ್ರ್ಯಾಕ್ಟರಿನಲ್ಲಿ, ಮನೆಯ ಯುಪಿಎಸ್‌ನಲ್ಲಿ ಇರುವ ಸೀಸದ ಬ್ಯಾಟರಿಯನ್ನು ಫ್ರಾನ್ಸಿನ ಪ್ಲಾಂಟೆ ಎಂಬಾತ 1859ರಲ್ಲೇ ಕಂಡುಹಿಡಿದ. 1900ರ ಹೊತ್ತಿಗೆ ಅಮೆರಿಕದ ರಸ್ತೆಯಲ್ಲಿದ್ದ ಮೋಟಾರು ಗಾಡಿಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಕರೆಂಟಿನವು. ಆಮೇಲೆ ಯಾಕೆ ಮಾಯವಾದವು? ಪೇಟೆಯಲ್ಲಿ ಕರೆಂಟು ಇತ್ತು, ಹಳ್ಳಿಯಲ್ಲಿ ಇರಲಿಲ್ಲ. ಪೆಟ್ರೋಲನ್ನು ಡಬ್ಬದಲ್ಲಿ ತುಂಬಿ ಎಲ್ಲಿಗೆ ಬೇಕಾದರೂ ಒಯ್ಯಬಹುದಿತ್ತು. 1912ರಲ್ಲಿ ಸೆಲ್ಫ್ ಸ್ಟಾರ್ಟರ್ ಬಂದ ಮೇಲೆ ಹ್ಯಾಂಡಲ್ ತಿರುಗಿಸುವ ಕಷ್ಟವೂ ತಪ್ಪಿತು, ಪೆಟ್ರೋಲ್ ಗೆದ್ದಿತು. ನಮ್ಮ ಬೆಂಗಳೂರಿನಲ್ಲೇ 2001ರಲ್ಲಿ ರೇವಾ ಅನ್ನೋ ಪುಟ್ಟ ಕಾರು ಬಂತು. ಸೀಸದ ಬ್ಯಾಟರಿ, ಒಂದು ಸಲ ಚಾರ್ಜ್ ಮಾಡಿದರೆ ಸುಮಾರು 80 ಕಿಲೋಮೀಟರ್. ಲಂಡನ್ನಿನ ರಸ್ತೆಯಲ್ಲೂ ಓಡಿತು. ಆದರೆ ನಮ್ಮ ಹಳ್ಳಿಯ ಕಡೆ ತಲೆ ಹಾಕಲಿಲ್ಲ. ಈಗಿನ ಕಾರುಗಳಲ್ಲಿ ಇರೋದು ಲಿಥಿಯಂ ಬ್ಯಾಟರಿ. ಹಗುರ, ಹೆಚ್ಚು ದೂರ ಓಡಿಸುತ್ತೆ. ಬೆಲೆಯೂ ಹಾಗೇ ಇದೆ.

ಆ ಬೆಲೆಯನ್ನು ನಮ್ಮ ಅಳತೆಯಲ್ಲಿ ನೋಡೋಣ. ಬ್ಯಾಟರಿಯನ್ನು ಯೂನಿಟ್ಟಿನ ಲೆಕ್ಕದಲ್ಲಿ ಅಳೀತಾರೆ, ಕರೆಂಟ್ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್. 2010ರಲ್ಲಿ ಒಂದು ಯೂನಿಟ್ ಹಿಡಿಯುವ ಲಿಥಿಯಂ ಬ್ಯಾಟರಿಗೆ ಪ್ರಪಂಚದ ಮಾರುಕಟ್ಟೆಯಲ್ಲಿ 1,000 ಡಾಲರಿಗೂ ಮೇಲೆ ಬೆಲೆ ಇತ್ತು. ಬ್ಲೂಮ್‌ಬರ್ಗ್ ಸಂಸ್ಥೆಯ ಲೆಕ್ಕದಂತೆ 2024ರಲ್ಲಿ ಸರಾಸರಿ 115 ಡಾಲರಿಗೆ ಇಳಿಯಿತು. ಆಗಿನ ವಿನಿಮಯ ದರದಲ್ಲಿ ಸುಮಾರು 9,650 ರೂಪಾಯಿ. ಕುಟುಂಬಕ್ಕೆ ಆಗುವ ಮಧ್ಯಮ ಕಾರಿಗೆ 40 ಯೂನಿಟ್ಟಿನ ಬ್ಯಾಟರಿ ಅಂದರೆ ಸುಮಾರು 3 ಲಕ್ಷ 86 ಸಾವಿರ. 2025-26ರ ರಾಗಿ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಅಂದರೆ ಒಂದು ಬ್ಯಾಟರಿಗೆ 79 ಕ್ವಿಂಟಲ್ ರಾಗಿ. ಬತ್ತದಲ್ಲಿ, ಕ್ವಿಂಟಲಿಗೆ 2,369ರಂತೆ, 163 ಕ್ವಿಂಟಲ್. ಇದು ಕಾರ್ಖಾನೆಯ ಮಟ್ಟದ ಬೆಲೆ. ಅದರ ಮೇಲೆ ಕಂಪನಿಯ ಲಾಭ, ಡೀಲರಿನ ಲಾಭ, ಕೂಲಿ. ತೆರಿಗೆಯ ತಮಾಷೆಯನ್ನೂ ನೋಡಿ: ಬ್ಯಾಟರಿ ಸಮೇತ ಕಾರು ಕೊಂಡರೆ ಜಿಎಸ್‌ಟಿ ನೂರಕ್ಕೆ 5. ನಾಳೆ ಅದೇ ಬ್ಯಾಟರಿ ಕೆಟ್ಟು ಬೇರೆ ಕೊಂಡರೆ ನೂರಕ್ಕೆ 18.

ಬೆಲೆ ಇಳೀತಾ ಇದೆಯಲ್ಲ, ಒಳ್ಳೇದಲ್ಲವೇ ಅಂತ ಕೇಳಬಹುದು. ನಾಳೆ ಕೊಳ್ಳುವವನಿಗೆ ಒಳ್ಳೇದು. ಇವತ್ತು ಸಾಲ ಮಾಡಿ ಕೊಂಡವನಿಗೆ? ಹೊಸ ಬ್ಯಾಟರಿಯ ಬೆಲೆ ಇಳಿದಷ್ಟೂ ಅವನ ಹಳೇ ಗಾಡಿಯ ಬೆಲೆ ಬೀಳುತ್ತೆ. ಸಾಲದ ಕಂತು ಮಾತ್ರ ಒಂದು ರೂಪಾಯಿಯೂ ಇಳಿಯೋದಿಲ್ಲ. ಎಮ್ಮೆ ಕೊಂಡರೆ ಕರು ಹಾಕುತ್ತೆ, ತೆಂಗಿನ ಸಸಿ ನೆಟ್ಟರೆ ಮರ ಆಗುತ್ತೆ. ಬ್ಯಾಟರಿ ತಂದ ದಿನದಿಂದ ಸವೆಯುತ್ತೆ.

ಈಗ ಕಾಗದ ಪೆನ್ಸಿಲ್ ತಗೊಳ್ಳಿ. ಪೆಟ್ರೋಲ್ ಲೀಟರಿಗೆ 100 ರೂಪಾಯಿ, ಲೀಟರಿಗೆ 16 ಕಿಲೋಮೀಟರ್ ಅಂತ ಹಿಡಿಯೋಣ. ಕಿಲೋಮೀಟರಿಗೆ ಆರೂಕಾಲು ರೂಪಾಯಿ. ಕರೆಂಟ್ ಕಾರು, ಚಾರ್ಜ್ ಮಾಡುವಾಗ ಆಗುವ ನಷ್ಟ ಸೇರಿಸಿ, ಯೂನಿಟ್ಟಿಗೆ ಸುಮಾರು 6 ಕಿಲೋಮೀಟರ್ ಓಡುತ್ತೆ. ಮನೆಯ ಕರೆಂಟು ಯೂನಿಟ್ಟಿಗೆ 7 ರೂಪಾಯಿ ಅಂತ ಹಿಡಿದರೆ ಕಿಲೋಮೀಟರಿಗೆ 1 ರೂಪಾಯಿ 17 ಪೈಸೆ. ಉಳಿತಾಯ ಕಿಲೋಮೀಟರಿಗೆ 5 ರೂಪಾಯಿ. ಷೋರೂಮಿನವನು ಸುಳ್ಳು ಹೇಳಲಿಲ್ಲ. ಅರ್ಧ ಲೆಕ್ಕ ಹೇಳಿದ, ಅಷ್ಟೆ.

ಉಳಿದರ್ಧ ಇಲ್ಲಿದೆ. ಅದೇ ಅಳತೆಯ ಪೆಟ್ರೋಲ್ ಕಾರಿಗಿಂತ ಕರೆಂಟ್ ಕಾರಿಗೆ 4 ಲಕ್ಷ ಹೆಚ್ಚು ಕೊಟ್ಟಿರಿ ಅಂತ ಇಟ್ಟುಕೊಳ್ಳಿ. ಆ 4 ಲಕ್ಷ ಸಾಲ, ಬಡ್ಡಿ ನೂರಕ್ಕೆ 10, ಅವಧಿ 7 ವರ್ಷ. ತಿಂಗಳ ಕಂತು 6,640 ರೂಪಾಯಿ, ವರ್ಷಕ್ಕೆ ಸುಮಾರು 80 ಸಾವಿರ. ಏಳು ವರ್ಷಕ್ಕೆ ಕಟ್ಟುವುದು 5 ಲಕ್ಷ 57 ಸಾವಿರ. ಕಿಲೋಮೀಟರಿಗೆ 5 ರೂಪಾಯಿ ಉಳಿಸಿ ಈ 80 ಸಾವಿರ ತುಂಬಬೇಕಾದರೆ ವರ್ಷಕ್ಕೆ 16,000 ಕಿಲೋಮೀಟರ್ ಓಡಿಸಬೇಕು. ದಿನಕ್ಕೆ 44 ಕಿಲೋಮೀಟರ್, ಭಾನುವಾರವೂ ಬಿಡದೆ.

ನಮ್ಮ ರೈತನ ಕಾರು ಎಷ್ಟು ಓಡುತ್ತೆ? ಸಂತೆ, ಸೊಸೈಟಿ, ಆಸ್ಪತ್ರೆ, ಮದುವೆ, ವರ್ಷಕ್ಕೊಂದು ಸಲ ಧರ್ಮಸ್ಥಳ. ದಿನಕ್ಕೆ 20 ಕಿಲೋಮೀಟರ್ ಅಂದರೆ ಹೆಚ್ಚಾಯಿತು. ವರ್ಷಕ್ಕೆ 7,300 ಕಿಲೋಮೀಟರ್, ಉಳಿತಾಯ 36,500 ರೂಪಾಯಿ. ಕಟ್ಟಬೇಕಾದ ಹೆಚ್ಚುವರಿ ಕಂತು 80 ಸಾವಿರ. ವರ್ಷಕ್ಕೆ 43 ಸಾವಿರ ಕೈಬಿಟ್ಟಿತು. ಹೆಚ್ಚು ಓಡಿಸುವ ಟ್ಯಾಕ್ಸಿಯವನಿಗೆ ಲೆಕ್ಕ ಬೇರೆ. ವರ್ಷಕ್ಕೆ 30,000 ಕಿಲೋಮೀಟರ್ ಓಡಿಸಿ ಮನೆಯಲ್ಲೇ ಚಾರ್ಜ್ ಮಾಡಿದರೆ ಒಂದೂವರೆ ಲಕ್ಷ ಉಳಿಸುತ್ತಾನೆ, ಕಂತು ಹೋಗಿ 70 ಸಾವಿರ ಕೈಯಲ್ಲಿ. ಆದರೆ ಅವನಿಗೂ ಒಂದು ಮುಳ್ಳಿದೆ. ಸಾಮಾನ್ಯವಾಗಿ ಬ್ಯಾಟರಿಯ ವಾರಂಟಿ 8 ವರ್ಷ ಅಥವಾ 1,60,000 ಕಿಲೋಮೀಟರ್, ಯಾವುದು ಮೊದಲೋ ಅದು. ಅವನ ಕಿಲೋಮೀಟರು ಐದೂಕಾಲು ವರ್ಷಕ್ಕೆ ಮುಗಿಯುತ್ತೆ. ಸಾಲ ಇನ್ನೂ ಪೌಣೇ ಎರಡು ವರ್ಷ ಇರುತ್ತೆ. ರಸ್ತೆ ಬದಿಯ ವೇಗದ ಚಾರ್ಜರಿನಲ್ಲಿ ಯೂನಿಟ್ಟಿಗೆ 20 ರೂಪಾಯಿ ಕೊಟ್ಟರೆ ಉಳಿತಾಯ ಕಿಲೋಮೀಟರಿಗೆ 3 ರೂಪಾಯಿಗೂ ಕೆಳಗೆ ಬೀಳುತ್ತೆ.

ಇವು ನಾನು ಹಿಡಿದ ಅಂಕಿಗಳು. ನಿಮ್ಮ ಊರಿನ ದರ, ನಿಮ್ಮ ಬ್ಯಾಂಕಿನ ಬಡ್ಡಿ ಹಾಕಿ ನೀವೇ ಲೆಕ್ಕ ಮಾಡಿ. ದಾರಿ ಇದೇ.

ಇನ್ನು ಹಳ್ಳಿಯ ಕರೆಂಟಿನ ಮಾತು. ಗೋಡೆಯ 15 ಆಂಪಿಯರ್ ಸಾಕೆಟ್ಟಿನಿಂದ ಗಂಟೆಗೆ ಸುಮಾರು 3 ಯೂನಿಟ್ ತುಂಬುತ್ತೆ. ಖಾಲಿಯಾದ 40 ಯೂನಿಟ್ಟಿನ ಬ್ಯಾಟರಿಗೆ ಹದಿಮೂರು ಹದಿನಾಲ್ಕು ಗಂಟೆ ಬೇಕು. ನಮ್ಮ ಬಹಳ ಮನೆಗಳು ಒಂದೋ ಎರಡೋ ಕಿಲೋವ್ಯಾಟಿನ ಮಂಜೂರಾತಿ ಪಡೆದವು. ಲೋಡ್ ಹೆಚ್ಚಿಸಿಕೊಳ್ಳದೆ ಈ ಚಾರ್ಜರ್ ಹಾಕಿದರೆ ವೈರು ಕಾಯುತ್ತೆ, ಸಂಜೆ ಹೊತ್ತು ಟ್ರಾನ್ಸ್‌ಫಾರ್ಮರ್ ಸುಡುತ್ತೆ. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ ನಿಮಗೆ ಗೊತ್ತುಮಾಡಿದ ಮಿತಿಯ ಮೇಲಿನ ಯೂನಿಟ್ಟಿಗೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ದಿನಕ್ಕೆ 20 ಕಿಲೋಮೀಟರ್ ಓಡುವ ಕಾರು ತಿಂಗಳಿಗೆ 100 ಯೂನಿಟ್ ನುಂಗುತ್ತೆ, ಮರೀಬೇಡಿ.

ಕೆಲವರು ಗುಟ್ಟಾಗಿ ಕೇಳ್ತಾರೆ: "ಪಂಪ್‌ಸೆಟ್ಟಿನ ಕರೆಂಟು ಬಿಟ್ಟಿಯಲ್ಲವೇ, ಅಲ್ಲೇ ಚುಚ್ಚಿದರೆ?" ಬೇಡ ಅಣ್ಣಂದಿರೇ. 10 ಹಾರ್ಸ್‌ಪವರಿನವರೆಗೆ ಕೊಟ್ಟಿರೋದು ನೀರೆತ್ತುವುದಕ್ಕೆ. ಬೇರೆ ಕೆಲಸಕ್ಕೆ ಬಳಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಮಿನಂತೆ ಎರಡು ಪಟ್ಟು ದರ ಹಾಕಿ ವಸೂಲಿ ಮಾಡಬಹುದು. ಅದಕ್ಕಿಂತ ದೊಡ್ಡ ಮಾತು: ನಾವು ಹೋರಾಡಿ ಉಳಿಸಿಕೊಂಡ ಸವಲತ್ತಿಗೆ "ರೈತರು ಕಾರು ಚಾರ್ಜ್ ಮಾಡ್ಕೊಳ್ತಾರೆ" ಅನ್ನೋ ಕೆಟ್ಟ ಹೆಸರು ತಂದು ಮೀಟರ್ ಕೂರಿಸಲು ನಾವೇ ನೆಪ ಕೊಟ್ಟಂತಾಗುತ್ತೆ.

ಟ್ರ್ಯಾಕ್ಟರಿನ ವಿಷಯ ಬಹಳ ಜನ ಕೇಳಿದ್ದೀರಿ. ಮಧ್ಯಮ ಟ್ರ್ಯಾಕ್ಟರ್ ರೋಟವೇಟರ್ ಎಳೆಯುವಾಗ ಗಂಟೆಗೆ 4 ಲೀಟರ್ ಡೀಸೆಲ್ ಕುಡಿಯುತ್ತೆ ಅಂತಿಟ್ಟುಕೊಳ್ಳಿ. ಆರು ಗಂಟೆಗೆ 24 ಲೀಟರ್, ತೂಕ 20 ಕೆಜಿ. ಒಂದು ಲೀಟರ್ ಡೀಸೆಲ್‌ನಲ್ಲಿ ಸುಮಾರು 10 ಯೂನಿಟ್ ಶಕ್ತಿ ಇದೆ, ಅದರಲ್ಲಿ ಮೂರನೆಯ ಒಂದು ಭಾಗ ಕೆಲಸಕ್ಕೆ ಸಿಗುತ್ತೆ, ಉಳಿದದ್ದು ಬಿಸಿಯಾಗಿ ಹೋಗುತ್ತೆ. ಆ ಆರು ಗಂಟೆಯ ಕೆಲಸವನ್ನು ಬ್ಯಾಟರಿಯಿಂದ ತೆಗೆಯಲು 85 ಯೂನಿಟ್ಟಿನ ಬ್ಯಾಟರಿ ಬೇಕು. ಅದರ ತೂಕ ಐದಾರು ಕ್ವಿಂಟಲ್. ಕಾರ್ಖಾನೆ ಮಟ್ಟದ ಬೆಲೆ 8 ಲಕ್ಷದ ಮೇಲೆ, ಆ ದುಡ್ಡಿಗೆ ಒಂದು ಡೀಸೆಲ್ ಟ್ರ್ಯಾಕ್ಟರೇ ಬರುತ್ತೆ. ಮೂಗಿಗಿಂತ ಮೂಗುತಿ ಭಾರ. ಹದ ಬಂದಾಗ ಮಳೆ ನಿಂತ ಎರಡು ಮೂರು ದಿನದಲ್ಲಿ ಉತ್ತು ಮುಗಿಸಬೇಕು. ಆಗ ರಾತ್ರಿಯಿಡೀ ಚಾರ್ಜಿಗೆ ನಿಲ್ಲಿಸಿಕೊಂಡು ಕೂರೋಕಾಗಲ್ಲ. ತೋಟದ ಸಾಲಿನಲ್ಲಿ ಔಷಧಿ ಹೊಡೆಯುವುದು, ಗೊಬ್ಬರ ಸಾಗಿಸುವುದು, ಇಂಥ ಹಗುರ ಕೆಲಸಕ್ಕೆ ಸಣ್ಣ ಬ್ಯಾಟರಿ ಟ್ರ್ಯಾಕ್ಟರ್ ಆದೀತು. ಉಳುಮೆಗೆ ಸದ್ಯಕ್ಕೆ ಬೇಡ.

ಹಾಗಾದರೆ ಎಲ್ಲಿ ಲಾಭ? ದಿನಾ ಒಂದೇ ದಾರಿ, ದಿನಾ ಹೆಚ್ಚು ಓಟ, ರಾತ್ರಿ ಮನೆಗೆ ವಾಪಸ್: ಅಂಥ ಕಡೆ ಲಾಭ. ಹಾಲಿನ ಕ್ಯಾನು, ತರಕಾರಿ, ಹೂವು ಸಾಗಿಸುವ ಮೂರು ಚಕ್ರದ ಗಾಡಿ, ದಿನಾ 40-50 ಕಿಲೋಮೀಟರ್ ಓಡಾಡುವ ಹುಡುಗರ ಸ್ಕೂಟರ್. ಬ್ಯಾಟರಿ ಸಣ್ಣದು, ಕೆಟ್ಟರೂ ಮನೆ ಮುಳುಗೋದಿಲ್ಲ. ಹತ್ತು ಜನ ಸೇರಿ ಒಂದು ಸರಕು ಗಾಡಿ ಇಟ್ಟುಕೊಂಡರೆ ದಿನವೂ ಓಡುತ್ತೆ. ಒಬ್ಬನೇ ಕೊಂಡ ಕಾರು ಕೊಟ್ಟಿಗೆಯಲ್ಲಿ ನಿಲ್ಲುತ್ತೆ.

ಸರ್ಕಾರದ ಸಹಾಯಧನ ನಂಬಿ ಕೂರಬೇಡಿ. ಸ್ಕೂಟರಿಗೆ 2021ರ ಜೂನ್‌ನಲ್ಲಿ ಬ್ಯಾಟರಿಯ ಯೂನಿಟ್ಟಿಗೆ 15,000 ರೂಪಾಯಿ ಇದ್ದದ್ದು 2023ರ ಜೂನ್‌ನಲ್ಲಿ 10,000 ಆಯಿತು. 2024ರ ಅಕ್ಟೋಬರಿನಲ್ಲಿ ಪಿಎಂ ಇ-ಡ್ರೈವ್ ಬಂದಾಗ 5,000 ಇತ್ತು, 2025-26ಕ್ಕೆ 2,500. ಆ ಯೋಜನೆಯ ಪಟ್ಟಿಯಲ್ಲಿ ಸ್ವಂತ ಕಾರೂ ಇರಲಿಲ್ಲ, ಟ್ರ್ಯಾಕ್ಟರೂ ಇರಲಿಲ್ಲ. ಅದೇ ಹೊತ್ತಿಗೆ ಬ್ಯಾಟರಿ ಕಾರ್ಖಾನೆ ಹಾಕುವವರಿಗೆ 2021ರಲ್ಲಿ 18,100 ಕೋಟಿಯ ಯೋಜನೆ ಮಂಜೂರಾಯಿತು.

ಬ್ಯಾಟರಿಯ ಮೂಲವೂ ನಮ್ಮ ಕಡೆಗೇ ಬರ್ತಾ ಇದೆ. ಮಂಡ್ಯ ಜಿಲ್ಲೆಯ ಮರಳಗಾಲದ ಸುತ್ತ 1,600 ಟನ್ ಲಿಥಿಯಂ ಇರುವ ಅಂದಾಜಿದೆ ಅಂತ 2021ರಲ್ಲಿ ಕೇಂದ್ರ ಸರ್ಕಾರ ಪಾರ್ಲಿಮೆಂಟಿಗೆ ತಿಳಿಸಿತು. 2023ರಲ್ಲಿ ಗಣಿ ಕಾಯ್ದೆ ತಿದ್ದಿ ಲಿಥಿಯಂ ಹರಾಜಿನ ಅಧಿಕಾರವನ್ನು ಕೇಂದ್ರ ತಾನೇ ಇಟ್ಟುಕೊಂಡಿತು. ನೆಲ ನಮ್ಮದು, ಅಗೆಯುವವನು ಇನ್ನೊಬ್ಬ, ಹರಾಜು ಹಾಕುವವನು ದೆಹಲಿಯಲ್ಲಿ. ಆ ಸೀಮೆಯ ರೈತರು ಈಗಿನಿಂದಲೇ ಎಚ್ಚರವಾಗಿರಬೇಕು.

ಕೊನೆಗೆ ನಮ್ಮ ಲೆಕ್ಕಕ್ಕೆ ಬರೋಣ. ಬ್ಯಾಟರಿ ಮಾಡುವವನು ಲಿಥಿಯಂ, ಕೂಲಿ, ಬಡ್ಡಿ, ಕಾರ್ಖಾನೆಯ ಸವೆತ, ಲಾಭ ಎಲ್ಲ ಕೂಡಿಸಿ ಬೆಲೆ ಕಟ್ಟುತ್ತಾನೆ. ಯಾರೂ ಅವನನ್ನು ಕೇಳೋದಿಲ್ಲ. ನಾವು ಬೀಜ, ಗೊಬ್ಬರ, ಮನೆಯವರ ದುಡಿಮೆ, ನೆಲದ ಬಾಡಿಗೆ ಕೂಡಿಸಿ ವೈಜ್ಞಾನಿಕ ಬೆಲೆ ಕೇಳಿದರೆ ಬೆಲೆ ಏರುತ್ತೆ ಅಂತ ಗುಲ್ಲೆಬ್ಬಿಸ್ತಾರೆ. ಆ 79 ಕ್ವಿಂಟಲ್ ರಾಗಿಗೆ ನ್ಯಾಯವಾದ ಬೆಲೆ ಸಿಕ್ಕಿದ್ದರೆ ಕಾರಿಗೆ ಸಾಲ ಯಾಕೆ ಬೇಕಿತ್ತು?

ನಾವು ಒತ್ತಾಯಿಸಬೇಕಾದದ್ದು ಇಷ್ಟು:

1. ಗಾಡಿ ಮಾರುವಾಗ ಬ್ಯಾಟರಿಯ ಬೆಲೆಯನ್ನು ಬೇರೆಯಾಗಿ ಬಿಲ್ಲಿನಲ್ಲಿ ಬರೆಯಬೇಕು. ವಾರಂಟಿ ಮುಗಿದ ಮೇಲೆ ಎಷ್ಟಕ್ಕೆ ಹೊಸದು ಕೊಡ್ತಾರೆ ಅನ್ನೋದನ್ನು ಬರಹದಲ್ಲಿ ಕೊಡಬೇಕು.
2. ಬಿಡಿ ಬ್ಯಾಟರಿಯ ಮೇಲಿನ ನೂರಕ್ಕೆ 18ರ ತೆರಿಗೆಯನ್ನು 5ಕ್ಕೆ ಇಳಿಸಬೇಕು.
3. ವಾಹನ ಸಾಲಕ್ಕೆ ವಾಹನವೇ ಆಧಾರ. ಪಹಣಿಯಲ್ಲಿ ಬೋಜಾ ಕೂರಿಸಬಾರದು.
4. ಹೊಸ ಚಾರ್ಜಿಂಗ್ ಸ್ಟೇಷನ್ನಿಗೆ ಮೊದಲು ಪಂಪ್‌ಸೆಟ್ಟಿಗೆ ಹಗಲು ಹೊತ್ತು ಮೂರು ಫೇಸ್ ಕರೆಂಟು.
5. ಲಿಥಿಯಂ ಗಣಿಗೆ ಗ್ರಾಮಸಭೆಯ ಒಪ್ಪಿಗೆ ಇಲ್ಲದೆ ಒಂದು ಗುಂಟೆಯೂ ಇಲ್ಲ.

ಇದು ಸರ್ಕಾರಕ್ಕೆ. ನಿಮಗೆ ಒಂದೇ ಮಾತು. ಬೆಳೆ ಸಾಲದ ದುಡ್ಡನ್ನು ಕಾರಿನ ಮುಂಗಡಕ್ಕೆ ಕೊಡಬೇಡಿ. ಸೊಸೈಟಿ ಸಾಲ ಸಕಾಲಕ್ಕೆ ಕಟ್ಟಿದರೆ ಮಾತ್ರ ಶೂನ್ಯ ಬಡ್ಡಿ, ತಪ್ಪಿದರೆ ಆ ಸವಲತ್ತೂ ಹೋಯಿತು. ಷೋರೂಮಿಗೆ ಹೋಗುವ ಹಿಂದಿನ ರಾತ್ರಿ ಮನೆಯವರೆಲ್ಲ ಕೂತು, ಕಳೆದ ವರ್ಷ ಎಷ್ಟು ಕಿಲೋಮೀಟರ್ ಓಡಾಡಿದಿರಿ ಬರೆಯಿರಿ. 16,000ಕ್ಕಿಂತ ಕಡಿಮೆ ಬಂದರೆ ಹಟ ಹಿಡಿದ ಮಗನಿಗೆ ಆ ಕಾಗದ ತೋರಿಸಿ.