ಗ್ಲೋಗೆ ಮುಂಚೆ ಕತ್ತಲು



ಚಿತ್ರದಲ್ಲಿ ಬೆಳಕು ಹೊಮ್ಮಿಸುವುದು ಹೇಗೆ ಅನ್ನುವುದಕ್ಕೆ ಒಂದಿಡೀ ದಿನದ ವಿಚಾರ ಸಂಕಿರಣ ಬೇಕಾ ಎಂದು ನಮ್ಮ ಮನೆಯಲ್ಲೇ ಕೇಳಿದರು. ಲೇಯರ್ ಮೇಲೆ ಎರಡು ಸಲ ಒತ್ತಿ, ಔಟರ್ ಗ್ಲೋ ಎಂಬಲ್ಲಿ ಟಿಕ್ ಹಾಕಿದರೆ ಮುಗಿಯಿತಲ್ಲ? 1998ರಲ್ಲಿ ಫೋಟೋಶಾಪ್‌ನ ಐದನೇ ಆವೃತ್ತಿಗೆ ಲೇಯರ್ ಎಫೆಕ್ಟ್‌ಗಳು ಬಂದ ಮೇಲೆ ಕೆಲಸ ಅಷ್ಟು ಸಲೀಸಾಗಿದ್ದು ನಿಜ. ಆ ಟಿಕ್ಕಿನ ಫಲವನ್ನು ಊರೂರಿನ ಸರ್ಕಲ್‌ಗಳಲ್ಲಿ ನೋಡುತ್ತಿದ್ದೇವೆ. ಹುಟ್ಟುಹಬ್ಬದ ಫ್ಲೆಕ್ಸ್‌ನಲ್ಲಿ ಹನ್ನೆರಡು ಮುಖ, ಹನ್ನೆರಡರ ಸುತ್ತಲೂ ಹಳದಿ ಪ್ರಭೆ. ಗರ್ಭಗುಡಿಯಲ್ಲಿ ಪ್ರಭಾವಳಿ ದೇವರಿಗೆ ಮಾತ್ರ. ಇಲ್ಲಿ ಶುಭ ಕೋರುವವರಿಗೆಲ್ಲ ಉಂಟು.

ನಾನು ಬೇರೆಯವರನ್ನು ಆಡಿಕೊಳ್ಳುವ ಹಾಗಿಲ್ಲ. ಶುರುವಿನ ದಿನಗಳಲ್ಲಿ ಒಂದು ಜಾತ್ರೆಯ ಫ್ಲೆಕ್ಸ್‌ಗೆ ತೇರಿನ ಸುತ್ತ ಝಗ್ಗನೆ ಹೊಳೆಯುವ ನೀಲಿ ಗ್ಲೋ ಕೊಟ್ಟಿದ್ದೆ. ಮಾನಿಟರ್‌ನಲ್ಲಿ ನೋಡಿ ನಾನೇ ಬೀಗಿದ್ದೆ. ಪ್ರಿಂಟ್ ಬಿಚ್ಚಿ ಹಾಸಿದಾಗ ತಂದವರು ಒಂದೇ ಮಾತು ಹೇಳಿದರು: "ಏನ್ ಸಾ, ತೇರಿನ್ ಮ್ಯಾಲೆ ಸೀಮೆಎಣ್ಣೆ ಚೆಲ್ದಂಗೈತೆ." ತಪ್ಪು ಮಷೀನಿನದಲ್ಲ, ನನ್ನದೇ. ಮಾನಿಟರ್ ತಾನೇ ಬೆಳಕು ಬಿಡುತ್ತದೆ, ಇಂಕು ಬಿದ್ದ ಬೆಳಕನ್ನು ನುಂಗಿ ಉಳಿದದ್ದನ್ನಷ್ಟೇ ಹಿಂದಿರುಗಿಸುತ್ತದೆ. ಮಾನಿಟರ್‌ನ ಆರ್‌ಜಿಬಿಯ ಆ ನೀಲಿ ಇಂಕಿನ ಸಿಎಂವೈಕೆಯ ಕೈಗೆ ಸಿಗುವಂಥದ್ದಲ್ಲ.

ತರಗತಿಯಲ್ಲಿ ಪ್ರತಿವರ್ಷ ಕೇಳುವ ದೂರು ಇನ್ನೊಂದು: "ಸರ್, ಗ್ಲೋ ಹಾಕಿದೀನಿ, ಕಾಣ್ತಾನೇ ಇಲ್ಲ." ಹೋಗಿ ನೋಡಿದರೆ ಹಿನ್ನೆಲೆ ಅಚ್ಚ ಬಿಳಿ. ಗ್ಲೋ ಸಾಮಾನ್ಯವಾಗಿ ಸ್ಕ್ರೀನ್ ಎಂಬ ಬ್ಲೆಂಡಿಂಗ್ ಮೋಡ್‌ನಲ್ಲಿರುತ್ತದೆ. ಅದರ ಲೆಕ್ಕ ಸರಳ. ಕೆಳಗಿನ ಬಣ್ಣಕ್ಕೆ ಪೂರ್ತಿ ಬಿಳಿಯಾದ 255 ಮುಟ್ಟಲು ಎಷ್ಟು ಕೊರತೆ, ಮೇಲಿನದಕ್ಕೆ ಎಷ್ಟು ಕೊರತೆ ಎಂದು ನೋಡಿ, ಎರಡನ್ನೂ ಗುಣಿಸಿ 255ರಿಂದ ಭಾಗಿಸುತ್ತದೆ. ಬಂದದ್ದೇ ಹೊಸ ಕೊರತೆ. 128ರ ಬೂದಿನ ಮೇಲೆ 128 ಬಿದ್ದರೆ 192 ಆಗುತ್ತದೆ. ಬಿಳಿಗೆ ಕೊರತೆಯೇ ಇಲ್ಲ, ಅದರ ಮೇಲೆ ಏನು ಸುರಿದರೂ ಬಿಳಿಯೇ. ಗ್ಲೋ ಕಾಣಬೇಕಾದರೆ ಮೊದಲು ಕತ್ತಲು ಹಾಕಬೇಕು. ಇವತ್ತು ನಾನು ಹೇಳಬೇಕೆಂದು ಬಂದದ್ದು ಇದೊಂದೇ. ಮಿಕ್ಕದ್ದೆಲ್ಲ ಇದರ ವಿಸ್ತರಣೆ.

ಮೈಸೂರಿನ ಜಗನ್ಮೋಹನ ಅರಮನೆಯ ಕಲಾಗ್ಯಾಲರಿಗೆ ಹೋದವರು ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ ನಿಂತೇ ನಿಂತಿರುತ್ತೀರಿ. ರವಿವರ್ಮನದು ಎಂದು ಎಷ್ಟೋ ಜನ ನಂಬಿದ್ದಾರೆ. ಬರೆದವರು ಎಸ್.ಎಲ್. ಹಲ್ದಂಕರ್, ಅದೂ ಜಲವರ್ಣದಲ್ಲಿ. ಹಾಳೆಯ ಬಿಳಿಗಿಂತ ಹೆಚ್ಚು ಬೆಳ್ಳಗಿನದು ಜಲವರ್ಣದವನ ಕೈಯಲ್ಲಿ ಇರುವುದಿಲ್ಲ. ನಮಗೆ 255 ಹೇಗೋ ಅವನಿಗೆ ಹಾಳೆ ಹಾಗೆ. ಆದರೂ ಆ ದೀಪ ಉರಿಯುತ್ತಿದೆ! ಹತ್ತಿರ ಹೋಗಿ ನೋಡಿ. ಗಾಳಿಗೆ ಅಡ್ಡ ಹಿಡಿದ ಕೈಯ ಬೆರಳುಗಳ ಒಳಗಿಂದ ಕೆಂಪು ಹೊಮ್ಮಿದೆ. ಬೆಳಕು ಮುಖಕ್ಕೆ ಹತ್ತಿದೆ, ಸೀರೆಯ ಮಡಿಕೆಗಳಲ್ಲಿ ಇಳಿಯುತ್ತ ಇಳಿಯುತ್ತ ಕತ್ತಲಾಗಿದೆ. ಬೆಳಕಿಗೆ ಸಾಕ್ಷಿ ಹೇಳುತ್ತಿರುವುದು ಬತ್ತಿಯಲ್ಲ, ಬೆರಳು. ನಮ್ಮ ಹುಡುಗರು ದೀಪದ ಸುತ್ತ ಉಂಗುರ ಬರೆದು ಎದ್ದುಬಿಡುತ್ತಾರೆ, ಬೆರಳನ್ನು ಮರೆಯುತ್ತಾರೆ.

ಇನ್ನು ಕೈಕೆಲಸದ ಮಾತು. ನಿಯಾನ್ ಅಕ್ಷರ ಮಾಡುವಾಗ ಒಂದೇ ಔಟರ್ ಗ್ಲೋ ಕೊಟ್ಟರೆ ಅಂಚಿಗೆ ಹತ್ತಿ ಅಂಟಿಸಿದ ಹಾಗೆ ಕಾಣುತ್ತದೆ. ಉರಿಯುವ ಕೊಳವೆಯ ಪ್ರಭೆ ಪಕ್ಕದಲ್ಲೇ ಗಕ್ಕನೆ ಇಳಿದು, ಆಮೇಲೆ ದೂರದವರೆಗೆ ಸಣ್ಣಗೆ ಎಳೆದುಕೊಂಡು ಹೋಗುತ್ತದೆ. ಹಾಗಾಗಿ ಅಕ್ಷರದ ಮೂರು ನಕಲು ಮಾಡಿ, ಒಂದಕ್ಕೆ 6, ಇನ್ನೊಂದಕ್ಕೆ 25, ಮತ್ತೊಂದಕ್ಕೆ 100 ಪಿಕ್ಸೆಲ್ ಗಾಸಿಯನ್ ಬ್ಲರ್ ಕೊಟ್ಟು, ಸ್ಕ್ರೀನ್‌ನಲ್ಲಿಟ್ಟು, ದೊಡ್ಡ ಬ್ಲರ್‌ಗೆ ಒಪ್ಯಾಸಿಟಿ ಇಳಿಸುತ್ತ ಹೋಗಿ. ಅಂಕಿಗಳು ನನ್ನ ರೂಢಿ, ಶಾಸ್ತ್ರವಲ್ಲ. ನಡುವಿನ ಕೊಳವೆ ಮಾತ್ರ ಬಿಳಿಗೆ ಹತ್ತಿರ ಇರಲಿ, ಬಣ್ಣ ಪ್ರಭೆಯಲ್ಲಿರಲಿ. ನಾವು ಮೊದಲು ಕಲಿತಾಗ ಕೊಳವೆಗೇ ಗಾಢ ಗುಲಾಬಿ ಬಳಿದು, ಯಾಕೆ ಉರಿಯುತ್ತಿಲ್ಲ ಎಂದು ತಲೆ ಕೆರೆದುಕೊಳ್ಳುತ್ತಿದ್ದೆವು.

ಮತ್ತೊಂದು ಮರ್ಮವಿದೆ. ಮಾನಿಟರ್‌ನ 128 ಎಂದರೆ ಅರ್ಧ ಬೆಳಕಲ್ಲ, ಸುಮಾರು ಐದರಲ್ಲೊಂದು ಪಾಲು. ಅದೇ ಅಂಕಿಗಳ ಮೇಲೆ ಬ್ಲರ್ ಮಾಡಿದರೆ ಬೆಳಕು ಹರಡುವಾಗ ಸೊರಗುತ್ತದೆ. ಫೋಟೋಶಾಪ್‌ನ 32 ಬಿಟ್ ಮೋಡ್‌ನಲ್ಲಿ ಲೆಕ್ಕ ನಿಜವಾದ ಬೆಳಕಿನ ಪ್ರಮಾಣದಲ್ಲೇ ನಡೆಯುತ್ತದೆ. ಕಾಸು ಕೊಡದೆ ಸಿಗುವ ಗಿಂಪ್‌ನಲ್ಲೂ 2018ರ 2.10ನೇ ಆವೃತ್ತಿಯಿಂದ ಇದಕ್ಕೆ ದಾರಿ ಇದೆ. ಸರ್ಕಾರಿ ಕಾಲೇಜಿನ ಅಧ್ಯಾಪಕರು ದಯವಿಟ್ಟು ಗುರುತು ಹಾಕಿಕೊಳ್ಳಿ.

ಇಂಗ್ಲಿಷ್ ಪಾಠಗಳಲ್ಲಿ ಸಿಗದ ತೊಂದರೆಯೊಂದು ನಮ್ಮ ಲಿಪಿಗಿದೆ. ಕನ್ನಡ ಅಕ್ಷರ ದುಂಡಗೆ, ಹೊಟ್ಟೆ ಚಿಕ್ಕದು, ಒತ್ತು ಕೆಳಗೆ ಅಂಟಿಕೊಂಡೇ ಇರುತ್ತದೆ. ಗ್ಲೋ ದಪ್ಪವಾದರೆ ಆ ಸಂದುಗಳೆಲ್ಲ ತುಂಬಿಹೋಗುತ್ತವೆ. ದಕಾರಕ್ಕೂ ಧಕಾರಕ್ಕೂ ಇರುವ ವ್ಯತ್ಯಾಸ ಒಂದು ಸಣ್ಣ ಸೀಳು. ಅದು ಮುಚ್ಚಿತೋ, ಅಂಗಡಿ ಬೋರ್ಡಿನ ಧನ ದನವಾಗುತ್ತದೆ. ನಗಬೇಡಿ, ಬೋರ್ಡು ಮೇಲೇರಿದ ಮೇಲೆ ಇಳಿಸುವುದು ಕಷ್ಟ. ಒತ್ತಿಗೆ ಬೇರೆ ಲೇಯರ್ ಮಾಡಿ ಕಡಿಮೆ ಗ್ಲೋ ಕೊಡಬೇಕೇ, ಅಕ್ಷರವನ್ನೇ ಕೊಂಚ ಬಿಡಿಸಿ ಬರೆಯಬೇಕೇ ಎಂಬುದು ಇವತ್ತು ಇಲ್ಲಿ ಚರ್ಚೆಯಾಗಲಿ ಎಂಬುದು ನನ್ನ ಆಶಯ.

ಸಂಘಟಕರಲ್ಲಿ ಒಂದು ವಿನಂತಿ. ಮಧ್ಯಾಹ್ನದ ಪ್ರಾಯೋಗಿಕ ಗೋಷ್ಠಿಯಲ್ಲಿ ಮಾಡಿದ್ದನ್ನು ಪ್ರೊಜೆಕ್ಟರ್‌ನಲ್ಲಿ ತೋರಿಸಿ ಚಪ್ಪಾಳೆ ತಟ್ಟಿ ಮುಗಿಸಬೇಡಿ. ಎರಡನ್ನಾದರೂ ಫ್ಲೆಕ್ಸ್‌ಗೆ ಪ್ರಿಂಟ್ ಹಾಕಿಸಿ, ಗೇಟಿನ ಹೊರಗೆ ನಾಲ್ಕು ಗಂಟೆಯ ಬಿಸಿಲಿನಲ್ಲಿ ನಿಲ್ಲಿಸಿ. ರಸ್ತೆಯ ಆಚೆ ಟೀ ಅಂಗಡಿಯ ಹತ್ತಿರ ನಿಂತು ಎಲ್ಲರೂ ಸೇರಿ ಓದಿ ನೋಡೋಣ.